ಕೈ ಕೆಳಗಿಟ್ಟು ನಿಂತವನು: ಆಂಡರ್ಸನ್ ಸಿಲ್ವ ಎಂಬ ಜೇಡನ ಕಥೆ

2009ರ ಆಗಸ್ಟ್ 8, ಅಮೆರಿಕದ ಫಿಲಡೆಲ್ಫಿಯಾ. ಎಂಟು ಮೂಲೆಯ ತಂತಿಬಲೆಯ ಪಂಜರದೊಳಗೆ ಇಬ್ಬರು ನಿಂತಿದ್ದಾರೆ. ಒಬ್ಬ ಫಾರೆಸ್ಟ್ ಗ್ರಿಫಿನ್. ಹಿಂದಿನ ವರ್ಷ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದವನು, ಎಷ್ಟು ಏಟು ತಿಂದರೂ ಮುಂದೆ ನುಗ್ಗುವ ಆಸಾಮಿ. ಇನ್ನೊಬ್ಬ ಅವನಿಗಿಂತ ಒಂದು ತೂಕ ಕೆಳಗಿನ ವಿಭಾಗದಿಂದ ಬಂದವನು. ಗ್ರಿಫಿನ್ ಮುಷ್ಟಿ ಬೀಸುತ್ತಾನೆ: ಒಂದು, ಎರಡು, ಮೂರು, ನಾಲ್ಕು. ಎದುರಿನವನ ಕೈಗಳು ಸೊಂಟದ ಹತ್ತಿರವೇ ಇವೆ. ತಲೆ ಮಾತ್ರ ಆ ಕಡೆ, ಈ ಕಡೆ, ಸ್ವಲ್ಪ ಹಿಂದಕ್ಕೆ. ಒಂದು ಏಟೂ ತಾಗುವುದಿಲ್ಲ. ಆಮೇಲೆ ಹಿಂದಕ್ಕೆ ಜಾರುತ್ತಲೇ ಒಂದು ಪುಟ್ಟ ಬಲಗೈ ಜ್ಯಾಬ್. ಗ್ರಿಫಿನ್ ಅಂಗಾತ ಮಲಗಿ, ಸಾಕು ಅನ್ನುವಂತೆ ಕೈ ಎತ್ತಿಬಿಟ್ಟ. ಶುರುವಾಗಿ 3 ನಿಮಿಷ 23 ಸೆಕೆಂಡ್ ಆಗಿತ್ತು ಅಷ್ಟೆ. ಫಲಿತಾಂಶ ಘೋಷಿಸುವುದಕ್ಕೂ ಕಾಯದೆ ಗ್ರಿಫಿನ್ ಪಂಜರದಿಂದ ಓಡಿಹೋದ!

ಆ ಎದುರಿನವನೇ ಬ್ರೆಜಿಲ್ಲಿನ ಆಂಡರ್ಸನ್ ಸಿಲ್ವ. ಅಡ್ಡಹೆಸರು 'ಸ್ಪೈಡರ್', ಅಂದರೆ ಜೇಡ.

ಈ ಹೋರಾಟದ ಬಗ್ಗೆ ಎರಡು ಮಾತು ಕೇಳಿಬರುತ್ತೆ. ಇದು ಕಲೆ ಅನ್ನುವವರು ಒಂದು ಕಡೆ. ಎದುರಾಳಿಗೆ ಮಾಡಿದ ಅವಮಾನ, ಅಹಂಕಾರ ಅನ್ನುವವರು ಇನ್ನೊಂದು ಕಡೆ. ನನಗನ್ನಿಸುವುದು, ಆ ಇಳಿಬಿಟ್ಟ ಕೈಗಳು ಕಲೆಗಾಗಿಯೂ ಅಲ್ಲ, ಕೊಬ್ಬಿಗಾಗಿಯೂ ಅಲ್ಲ, ಅದೊಂದು ವಿಧಾನ. ಅವನನ್ನು ಗೆಲ್ಲಿಸಿದ್ದೂ ಅದೇ, ಕೊನೆಗೆ ಕೆಡವಿದ್ದೂ ಅದೇ. ಅದು ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೆಲದವರು, ನಿಂತವರು

ಬ್ರೆಜಿಲ್ ಅಂದರೆ ಕಾಲ್ಚೆಂಡು ಅನ್ನುವುದು ಎಲ್ಲರಿಗೂ ಗೊತ್ತು. ಆ ದೇಶದ ಇನ್ನೊಂದು ಹುಚ್ಚು 'ವಾಲೆ ಟುಡೊ'. ಪೋರ್ಚುಗೀಸಿನಲ್ಲಿ ಅದರ ಅರ್ಥ 'ಏನು ಮಾಡಿದರೂ ಸರಿ' ಅಂತ. ಗುದ್ದು, ಒದಿ, ಬೀಳಿಸು, ಕತ್ತು ಹಿಸುಕು, ಎಲ್ಲವೂ ನಡೆಯುವ ಕಾಳಗ. ಈ ಲೋಕದಲ್ಲಿ ದೊಡ್ಡ ಮನೆತನ ಗ್ರೇಸಿಗಳದು. ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ಲಿಗೆ ಬಂದ. ಮುಂದೆ ಬೆಲೆಮ್ ಊರಿನಲ್ಲಿ ಅವನ ವಿದ್ಯೆ ಕಾರ್ಲೋಸ್ ಗ್ರೇಸಿಗೆ ಸಿಕ್ಕಿತು. ಕಾರ್ಲೋಸ್ ಮತ್ತು ಅವನ ತಮ್ಮ ಹೇಲಿಯೊ ಅದನ್ನೇ ತಿದ್ದಿ ತೀಡಿ ಬ್ರೆಜಿಲಿಯನ್ ಜಿಯು-ಜಿಟ್ಸು ಮಾಡಿದರು. ಸಾರಾಂಶ ಇಷ್ಟು: ಎದುರಾಳಿಯನ್ನು ನೆಲಕ್ಕೆ ತಾ, ಕೈ-ಕಾಲು-ಕತ್ತಿಗೆ ಪಟ್ಟು ಹಾಕು, ಶರಣಾಗುವವರೆಗೆ ಬಿಡಬೇಡ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರಿನಲ್ಲಿ ಮೊದಲ ಯುಎಫ್‌ಸಿ ನಡೆದಾಗ ಹೇಲಿಯೊ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದ. ನೋಡಲು ನರಪೇತಲ, ಮೈಮೇಲೆ ಬಿಳಿ ಅಂಗಿ. ಬಾಕ್ಸಿಂಗ್ ಕರಾಟೆಯೆಲ್ಲ ಸಿನಿಮಾಕ್ಕೆ ಸರಿ, ನಿಜವಾದ ಕಾಳಗ ನೆಲದ ಮೇಲೇ ಅಂತ ಜಗತ್ತು ನಂಬಿತು.

ಆದರೆ ಬ್ರೆಜಿಲ್ಲಿನಲ್ಲೇ ಇನ್ನೊಂದು ಧಾರೆ ಇತ್ತು, ನಿಂತು ಹೊಡೆಯುವವರದು. 1995ರಲ್ಲಿ ಮಾರ್ಕೊ ರುವಾಸ್ ತನಗಿಂತ ಎಷ್ಟೋ ದೊಡ್ಡವನಾದ ಪಾಲ್ ವ್ಯಾರಲೆನ್ಸ್‌ನ ತೊಡೆಗೆ ಒದ್ದೂ ಒದ್ದೂ ಮರ ಕಡಿದಂತೆ ಕೆಡವಿ ಏಳನೇ ಯುಎಫ್‌ಸಿ ಗೆದ್ದ. ದಕ್ಷಿಣದ ಕುರಿಚಿಬಾ ನಗರದಲ್ಲಿ ರುಡಿಮಾರ್ ಫೆಡ್ರಿಗೊ ಕಟ್ಟಿದ 'ಶೂಟ್ ಬಾಕ್ಸ್' ಅನ್ನುವ ಗರಡಿ ಇತ್ತು. ಅಲ್ಲಿ ಥಾಯ್ಲೆಂಡಿನ ಮುಯೆ ಥಾಯ್ ಕಲಿಸುತ್ತಿದ್ದರು. ಮುಷ್ಟಿ, ಮೊಣಕೈ, ಮೊಣಕಾಲು, ಕಾಲು, ಎಲ್ಲವೂ ಆಯುಧವೇ. ವಾಂಡರ್ಲೇ ಸಿಲ್ವ, ಮೌರಿಸಿಯೊ 'ಶೋಗನ್' ರುವಾ ಮುಂತಾದವರು ಬೆಳೆದದ್ದು ಅಲ್ಲೇ. ಆ ಗರಡಿಯ ಶೈಲಿ ಒಂದೇ ಮಾತಿನಲ್ಲಿ: ಮುಂದೆ ನುಗ್ಗು.

ನಮ್ಮ ಜೇಡ ಬೆಳೆದದ್ದೂ ಅದೇ ಊರಲ್ಲಿ. ಆದರೆ ಅವನು ಕಲಿತದ್ದು ಇದಕ್ಕೆ ತದ್ವಿರುದ್ಧ.

ಫೀಸು ಕಟ್ಟಲಾಗದ ಹುಡುಗ

ಆಂಡರ್ಸನ್ ಹುಟ್ಟಿದ್ದು 1975ರ ಏಪ್ರಿಲ್ 14ರಂದು, ಸಾವೊ ಪಾಲೊದಲ್ಲಿ. ಸಾಕಲಾಗದ ಬಡತನ, ಹಾಗಾಗಿ ಕುರಿಚಿಬಾದಲ್ಲಿದ್ದ ಚಿಕ್ಕಮ್ಮ-ಚಿಕ್ಕಪ್ಪನ ಮನೆಯಲ್ಲಿ ಬೆಳೆದ. ಚಿಕ್ಕಪ್ಪ ಪೊಲೀಸ್. ಅಲ್ಲೂ ದುಡ್ಡು ಅಷ್ಟಕ್ಕಷ್ಟೆ. ಜಿಯು-ಜಿಟ್ಸು ಅಂದರೆ ಅಂಗಿಗೂ ಕಾಸು, ತಿಂಗಳ ಫೀಸಿಗೂ ಕಾಸು; ಕಲಿಯುವ ಯೋಗ ಇವನಿಗೆ ಇರಲಿಲ್ಲ. ಅಕ್ಕಪಕ್ಕದ ಮಕ್ಕಳು ಕಲಿತು ಬಂದದ್ದನ್ನು ನೋಡಿ, ಅವರ ಜೊತೆ ಉರುಳಾಡಿ ಕಲಿತದ್ದೇ ಮೊದಲ ಪಾಠ. ಮನೆಯವರು ಹೇಗೋ ಹೊಂದಿಸಿ ಟೇಕ್ವಾಂಡೊಗೆ ಸೇರಿಸಿದರು. ಆಮೇಲೆ ಕಪೊಯೇರಾ, ಹದಿನಾರರ ಹೊತ್ತಿಗೆ ಮುಯೆ ಥಾಯ್. ಈ ನಡುವೆ ಹೊಟ್ಟೆಪಾಡಿಗೆ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡಿದ್ದೂ ಉಂಟು.

ಈ ಪಟ್ಟಿಯನ್ನು ಸುಮ್ಮನೆ ಕೊಡುತ್ತಿಲ್ಲ. ಟೇಕ್ವಾಂಡೊ ಕಲಿಸುವುದು ದೂರ. ಕಾಲಿನಷ್ಟುದ್ದದ ಅಂತರದಲ್ಲಿ ನಿಂತು ಆಡುವುದು. ಕಪೊಯೇರಾ ಅರ್ಧ ನೃತ್ಯ, ಅರ್ಧ ಕಾಳಗ. ಅಲ್ಲಿ ಏಟನ್ನು ತಡೆಯುವುದಕ್ಕಿಂತ ಏಟಿನ ದಾರಿಯಿಂದ ಮೈಯನ್ನೇ ಸರಿಸುವುದು ಮುಖ್ಯ. ಮುಯೆ ಥಾಯ್ ಹತ್ತಿರ ಬಂದವನನ್ನು ಮುಗಿಸುವ ವಿದ್ಯೆ. ಮೂರನ್ನೂ ಒಂದರ ಮೇಲೊಂದು ಜೋಡಿಸಿ ನೋಡಿ, ಫಿಲಡೆಲ್ಫಿಯಾದಲ್ಲಿ ಕೈ ಇಳಿಬಿಟ್ಟು ನಿಂತವನು ಕಾಣಿಸುತ್ತಾನೆ.

ಜಪಾನಿನ ಪೆಟ್ಟುಗಳು

2001ರ ಆಗಸ್ಟಿನಲ್ಲಿ ಒಸಾಕಾದಲ್ಲಿ ಅಲ್ಲಿಯವರೆಗೆ ಸೋಲೇ ಕಾಣದಿದ್ದ ಹಯಾಟೊ ಸಕುರಾಯಿಯನ್ನು ಸೋಲಿಸಿ ಆಂಡರ್ಸನ್ 'ಶೂಟೊ' ಸಂಸ್ಥೆಯ ಪಟ್ಟ ಗೆದ್ದ. ಮುಂದಿನ ವರ್ಷ ಜಪಾನಿನ ದೊಡ್ಡ ವೇದಿಕೆ 'ಪ್ರೈಡ್'. 2003ರ ಮಾರ್ಚಿನಲ್ಲಿ ಕಾರ್ಲೋಸ್ ನ್ಯೂಟನ್ ಬಗ್ಗಿ ಕಾಲು ಹಿಡಿಯಲು ಬಂದಾಗ ಹಾರಿ ಮೊಣಕಾಲಿನಿಂದ ಹೊಡೆದು ಗೆದ್ದ. ಇನ್ನೇನು, ಎಲ್ಲ ಸುಸೂತ್ರ ಅನ್ನುವಾಗ ಜೂನ್ ಬಂತು. ಡೈಜು ಟಕಾಸೆ ಅನ್ನುವವನು, ಯಾರೂ ಅಷ್ಟಾಗಿ ಲೆಕ್ಕಕ್ಕಿಟ್ಟಿರದವನು, ಇವನನ್ನು ನೆಲಕ್ಕೆ ತಂದು, ಕಾಲುಗಳ ತ್ರಿಕೋನದಲ್ಲಿ ಕತ್ತು ಸಿಕ್ಕಿಸಿ ಶರಣಾಗಿಸಿದ. ಆ ಪಟ್ಟಿಗೆ 'ಟ್ರಯಾಂಗಲ್ ಚೋಕ್' ಅನ್ನುತ್ತಾರೆ. ಹೆಸರು ನೆನಪಿಡಿ, ಮುಂದೆ ಬೇಕಾಗುತ್ತೆ.

ಶೂಟ್ ಬಾಕ್ಸ್ ಜೊತೆಗಿನ ನಂಟೂ ಮುರಿದು, ಹೋರಾಟವನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದಾಗ ಅವನನ್ನು ತಡೆದು ನಿಲ್ಲಿಸಿದ್ದು ಅಂಟೋನಿಯೊ ರೊಡ್ರಿಗೊ ನೊಗೇರಾ. ಪ್ರೈಡ್‌ನ ಹೆವಿವೇಟ್ ಚಾಂಪಿಯನ್ ಆಗಿದ್ದವನು, ನೆಲದ ಮೇಲಿನ ಪಟ್ಟುಗಳಲ್ಲಿ ಮಹಾ ಪಂಡಿತ. ಚಿಕ್ಕಂದಿನಲ್ಲಿ ಕಾಸಿಲ್ಲದೆ ಕೈತಪ್ಪಿದ ವಿದ್ಯೆ ಈಗ ಗೆಳೆತನದಲ್ಲಿ ಸಿಕ್ಕಿತು. 2006ರಲ್ಲಿ ನೊಗೇರಾನೇ ಇವನಿಗೆ ಜಿಯು-ಜಿಟ್ಸುವಿನ ಕಪ್ಪು ಪಟ್ಟಿ ಕಟ್ಟಿದ.

ಈ ನಡುವೆ ಲಂಡನ್ನಿನ 'ಕೇಜ್ ರೇಜ್'. 2004ರಲ್ಲಿ ಅಲ್ಲಿ ಸೋಲಿಸಿದ್ದು ಲೀ ಮರ್ರೆ ಅನ್ನುವವನನ್ನು. (ಈ ಮಹಾನುಭಾವ ಆಮೇಲೆ 2006ರಲ್ಲಿ ಇಂಗ್ಲೆಂಡಿನ ಟನ್‌ಬ್ರಿಜ್‌ನ ಸೆಕ್ಯೂರಿಟಾಸ್ ಡಿಪೋದಿಂದ 5.3 ಕೋಟಿ ಪೌಂಡ್ ದೋಚಿದ ತಂಡದ ನಾಯಕನಾಗಿ ಜೈಲು ಸೇರಿದ. ಅದೇ ಬೇರೆ ಕಥೆ!) ಅದೇ ವರ್ಷದ ಕೊನೆಯ ದಿನ ಜಪಾನಿನಲ್ಲಿ ಮತ್ತೊಂದು ಸೋಲು. ರ್ಯೊ ಚೊನಾನ್ ಗಾಳಿಯಲ್ಲಿ ಹಾರಿ ಎರಡೂ ಕಾಲುಗಳನ್ನು ಕತ್ತರಿಯಂತೆ ಇವನ ಕಾಲಿಗೆ ಸಿಕ್ಕಿಸಿ, ಬೀಳಿಸಿ, ಹಿಮ್ಮಡಿ ತಿರುಚಿದ. 2006ರ ಏಪ್ರಿಲಿನಲ್ಲಿ ಟೋನಿ ಫ್ರಿಕ್ಲಂಡ್‌ನನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದ ಮೊಣಕೈಯಿಂದ ಮಲಗಿಸಿದ. 'ಓಂಗ್ ಬಾಕ್' ಅನ್ನುವ ಥಾಯ್ ಸಿನಿಮಾದಲ್ಲಿ ನೋಡಿದ್ದು. ತರಬೇತುದಾರರು ಅದೆಲ್ಲ ಬೇಡ ಅಂದರೂ ಮನೆಯಲ್ಲಿ ಹೆಂಡತಿ ಕೈಯಲ್ಲಿ ದಿಂಬು ಹಿಡಿಸಿ ಅಭ್ಯಾಸ ಮಾಡಿದ್ದು ಅಂತ ಅವನೇ ಹೇಳಿಕೊಂಡಿದ್ದಾನೆ.

ಏಳು ವರ್ಷ

2006ರ ಜೂನ್ 28, ಯುಎಫ್‌ಸಿಯಲ್ಲಿ ಮೊದಲ ಹೋರಾಟ. ಎದುರಾಳಿ ಕ್ರಿಸ್ ಲೆಬೆನ್, ಬಂಡೆಯಂಥ ದವಡೆಯವನು ಅಂತ ಹೆಸರು. ನುಗ್ಗುವುದೊಂದೇ ಅವನಿಗೆ ಗೊತ್ತು. 49 ಸೆಕೆಂಡಿನಲ್ಲಿ ಮುಗಿಯಿತು. ಅಕ್ಟೋಬರ್ 14ಕ್ಕೆ ಮಿಡಲ್‌ವೇಟ್ ಪಟ್ಟಕ್ಕಾಗಿ ರಿಚ್ ಫ್ರಾಂಕ್ಲಿನ್, ಹಿಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು.

ಈ ಪಂದ್ಯದ ತಾಂತ್ರಿಕ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಥಾಯ್ ಕ್ಲಿಂಚ್ ಅಂದರೆ ಎರಡೂ ಅಂಗೈಗಳನ್ನು ಎದುರಾಳಿಯ ತಲೆಯ ಹಿಂಭಾಗದಲ್ಲಿ ಒಂದರ ಮೇಲೊಂದಿಟ್ಟು, ಮುಂಗೈಗಳನ್ನು ಅವನ ಕೊರಳಪಟ್ಟಿ ಮೂಳೆಗೆ ಒತ್ತಿ, ತಲೆಯನ್ನು ಕೆಳಕ್ಕೆ ಎಳೆದು ಹಿಡಿಯುವುದು. ಬೆರಳು ಹೆಣೆಯುವುದಿಲ್ಲ. ತಲೆ ಬಗ್ಗಿತೆಂದರೆ ಬೆನ್ನುಮೂಳೆ ಬಗ್ಗುತ್ತೆ. ಆಗ ಬೀಳಿಸುವ ಶಕ್ತಿಯೂ ಇಲ್ಲ, ಗುದ್ದುವ ಶಕ್ತಿಯೂ ಇಲ್ಲ. ಬಗ್ಗಿದ್ದರೆ ಪಕ್ಕೆಲುಬಿಗೆ ಮೊಣಕಾಲು. ಪಕ್ಕೆ ಕಾಯಲು ಕೈ ಇಳಿಸಿದರೆ ಮುಖಕ್ಕೆ ಮೊಣಕಾಲು. ಫ್ರಾಂಕ್ಲಿನ್ ಎರಡೂ ತಿಂದ. ಮೂಗು ಮುರಿಯಿತು, ಮೂರು ನಿಮಿಷ ತುಂಬುವ ಮೊದಲೇ ಪಟ್ಟ ಕೈ ಬದಲಾಯಿತು. ಗಣಿತದ ಮೇಷ್ಟ್ರಿಗೆ ಆ ಲೆಕ್ಕ ಬಿಡಿಸಲು ಸಮಯವೇ ಸಿಗಲಿಲ್ಲ.

ಅಲ್ಲಿಂದ 2013ರ ಜುಲೈವರೆಗೆ, ಒಟ್ಟು 2457 ದಿನ, ಪಟ್ಟ ಇವನ ಬಳಿಯೇ. ಯುಎಫ್‌ಸಿಯಲ್ಲಿ ಸತತ 16 ಗೆಲುವು. ಪಟ್ಟ ಉಳಿಸಿಕೊಂಡದ್ದು 10 ಸಲ. ಆ ಎಣಿಕೆಯನ್ನು ಡಿಮಿಟ್ರಿಯಸ್ ಜಾನ್ಸನ್ ದಾಟಿದ್ದು 2017ರಲ್ಲಿ.

ಆ ವಿಧಾನ ಏನು? ನಾನು ಅರ್ಥಮಾಡಿಕೊಂಡದ್ದು ಹೀಗೆ. ಮೊದಲ ನಿಮಿಷ, ಒಮ್ಮೊಮ್ಮೆ ಮೊದಲ ಸುತ್ತಿಡೀ, ಆಂಡರ್ಸನ್ ಹೆಚ್ಚು ಏನೂ ಮಾಡುವುದಿಲ್ಲ. ನೋಡುತ್ತಾನೆ. ಭುಜ ಅಲುಗಿಸಿ ಎದುರಾಳಿ ಹೇಗೆ ಬೆಚ್ಚುತ್ತಾನೆ ಅಂತ ಪರೀಕ್ಷೆ ಮಾಡುತ್ತಾನೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಒಂದೊಂದೇ ಇನ್‌ಪುಟ್ ಕೊಟ್ಟು ಔಟ್‌ಪುಟ್ ಬರೆದಿಟ್ಟುಕೊಳ್ಳುವುದು. ಏಟಿನ ವೇಗ, ಅಳತೆ, ಲಯ ಗೊತ್ತಾದ ಮೇಲೆ ಕೈ ಇಳಿಯುತ್ತೆ. ಕೈ ಮೇಲಿದ್ದರೆ ಎದುರಾಳಿ ಎಲ್ಲಿ ಹೊಡೆಯಬಹುದು ಅಂತ ಊಹಿಸಲಾಗದು. ಮುಖವನ್ನು ಖಾಲಿ ಬಿಟ್ಟರೆ ಅವನು ಹೊಡೆಯುವುದು ಮುಖಕ್ಕೇ. ಅಂದರೆ ಏಟು ಎಲ್ಲಿಗೆ ಬರಬೇಕು ಅನ್ನುವುದನ್ನು ತಿನ್ನುವವನೇ ತೀರ್ಮಾನ ಮಾಡಿದ ಹಾಗಾಯಿತು. ತಪ್ಪಿದ ಏಟಿನ ಭಾರಕ್ಕೆ ಎದುರಾಳಿ ಒಂದು ಹೆಜ್ಜೆ ಮುಂದೆ ತೂಗುತ್ತಾನೆ. ಆಗ ಪುಟ್ಟ ಏಟೂ ದೊಡ್ಡದಾಗುತ್ತೆ, ಯಾಕೆಂದರೆ ಅರ್ಧ ವೇಗ ಎದುರಾಳಿಯದೇ. ಗ್ರಿಫಿನ್ ಬಿದ್ದದ್ದು ಹೀಗೆ. ಜೇಡ ನೊಣವನ್ನು ಅಟ್ಟಿಸಿಕೊಂಡು ಹೋಗುವುದಿಲ್ಲವಲ್ಲ!

2011ರ ಫೆಬ್ರವರಿ 5ರಂದು ವಿಟೋರ್ ಬೆಲ್ಫೋರ್ಟ್ ವಿರುದ್ಧ ಮೊದಲ ಮೂರು ನಿಮಿಷ ಏನೂ ನಡೆಯಲಿಲ್ಲ. ಆಮೇಲೆ ಕಣ್ಣು ಎದುರಾಳಿಯ ಸೊಂಟದ ಕಡೆ, ಕಾಲು ನೇರ ಗದ್ದಕ್ಕೆ. ಮುಂದಕ್ಕೆ ಒದೆಯುವ ಆ ಒದೆತವನ್ನು ಕರಾಟೆ ಕ್ಲಾಸಿನ ಮೊದಲ ವಾರವೇ ಮಕ್ಕಳಿಗೆ ಹೇಳಿಕೊಡುತ್ತಾರೆ. ದೊಡ್ಡವರ ಕಾಳಗದಲ್ಲಿ ಅದು ಮುಖಕ್ಕೆ ಬರಬಹುದು ಅಂತ ಯಾರೂ ಕಾದಿರಲಿಲ್ಲ. (ಸಿನಿಮಾ ನಟ ಸ್ಟೀವನ್ ಸಿಗಾಲ್ ತಾನೇ ಹೇಳಿಕೊಟ್ಟೆ ಅಂತ ಕ್ರೆಡಿಟ್ ತೆಗೆದುಕೊಂಡದ್ದು ಒಳ್ಳೆಯ ತಮಾಷೆ.) ಅದೇ ಆಗಸ್ಟಿನಲ್ಲಿ 13 ವರ್ಷಗಳ ನಂತರ ಯುಎಫ್‌ಸಿ ಬ್ರೆಜಿಲ್ಲಿಗೆ ಮರಳಿದಾಗ, ರಿಯೊದಲ್ಲಿ ತನ್ನ ಜನರ ಮುಂದೆ ಯುಶಿನ್ ಒಕಾಮಿಯನ್ನು ಸೋಲಿಸಿದ.

ವಿಧಾನದ ಬಿರುಕು

ಹೊಗಳಿಕೆ ಸಾಕು. ಈ ವಿಧಾನಕ್ಕೆ ಎರಡು ದೊಡ್ಡ ತೊಡಕು ಇದ್ದವು.

ಮೊದಲನೆಯದು, ಎದುರಾಳಿ ಬರದೇ ಹೋದರೆ ಏನು ಮಾಡುವುದು? ಪ್ರತಿದಾಳಿ ಮಾಡುವವನಿಗೆ ಮೊದಲು ದಾಳಿ ಬೇಕು. 2009ರಲ್ಲಿ ಮಾಂಟ್ರಿಯಲ್‌ನಲ್ಲಿ ಥಾಲೆಸ್ ಲೇಟೆಸ್, 2010ರಲ್ಲಿ ಅಬುಧಾಬಿಯಲ್ಲಿ ಡೆಮಿಯನ್ ಮಾಯಾ, ಇಬ್ಬರೂ ಹತ್ತಿರವೇ ಬರಲಿಲ್ಲ. ಅವರನ್ನು ಕೆರಳಿಸಲು ಇವನು ಕುಣಿದ, ಅಣಕಿಸಿದ. ಐದು ಸುತ್ತು, 25 ನಿಮಿಷ, ನೋಡುವವರಿಗೆ ಶಿಕ್ಷೆ. ಅಬುಧಾಬಿಯಲ್ಲಿ ಯುಎಫ್‌ಸಿ ಮುಖ್ಯಸ್ಥ ಡೇನಾ ವೈಟ್ ಪಂದ್ಯ ಮುಗಿಯುವ ಮೊದಲೇ ಎದ್ದು ಹೋದ. ಅಣಕ ಆ ವಿಧಾನದ ಉಪಕರಣ ಅಂತ ನಾನೇ ವಾದಿಸುತ್ತಿದ್ದೇನೆ, ಆದರೂ ಮಾಯಾ ಪಂದ್ಯವನ್ನು ಸಮರ್ಥಿಸುವ ಮನಸ್ಸಿಲ್ಲ. ಅಲ್ಲಿ ಉಪಕರಣವೇ ಚಟವಾಗಿತ್ತು.

ಎರಡನೆಯದು, ನೆಲ. 2010ರ ಆಗಸ್ಟ್ 7ರಂದು ಓಕ್ಲೆಂಡಿನಲ್ಲಿ ಕುಸ್ತಿಪಟು ಚೇಲ್ ಸಾನೆನ್. ತಿಂಗಳುಗಟ್ಟಲೆ ಬಾಯಿಗೆ ಬಂದಂತೆ ಬೈದವನು ಪಂಜರದೊಳಗೂ ಮಾತಿಗೆ ತಪ್ಪಲಿಲ್ಲ. ಪ್ರತಿ ಸುತ್ತಿನಲ್ಲೂ ಬೀಳಿಸಿ, ಮೇಲೆ ಕೂತು ಗುದ್ದಿದ. ಪಕ್ಕೆಲುಬಿಗೆ ಪೆಟ್ಟಾಗಿಯೇ ಪಂಜರ ಹತ್ತಿದ್ದೆ ಅಂತ ಆಂಡರ್ಸನ್ ಆಮೇಲೆ ಹೇಳಿದ. ಐದನೇ ಸುತ್ತು, 3 ನಿಮಿಷ ದಾಟಿದೆ. ಇನ್ನು ಎರಡು ನಿಮಿಷವೂ ಇಲ್ಲ, ಪಟ್ಟ ಹೋದ ಹಾಗೆಯೇ. ಆಗ ಕೆಳಗೆ ಮಲಗಿದ್ದವನ ಕಾಲು ಮೇಲೆದ್ದು ಸಾನೆನ್‌ನ ಕತ್ತು ಮತ್ತು ಒಂದು ತೋಳನ್ನು ಸುತ್ತಿಕೊಂಡಿತು. ಟ್ರಯಾಂಗಲ್! ಜೊತೆಗೆ ತೋಳನ್ನೂ ಎಳೆದು ಹಿಡಿದ, ಸಾನೆನ್ ಶರಣಾದ. ಏಳು ವರ್ಷದ ಹಿಂದೆ ಟಕಾಸೆ ಯಾವ ಪಟ್ಟಿನಿಂದ ಇವನನ್ನು ಹೋರಾಟ ಬಿಡುವ ಹಂತಕ್ಕೆ ತಂದಿದ್ದನೋ, ಅದೇ ಪಟ್ಟು. ಹೊಡೆದಾಟಗಾರನೆಂದು ಹೆಸರಾದವನ ಮಹಾ ಗೆಲುವು ಬಂದದ್ದು ಚಿಕ್ಕಂದಿನಲ್ಲಿ ಫೀಸು ಕಟ್ಟಲಾಗದ ವಿದ್ಯೆಯಿಂದ. (ಆ ಪಂದ್ಯದ ನಂತರದ ಪರೀಕ್ಷೆಯಲ್ಲಿ ಸಾನೆನ್ ಮೈಯಲ್ಲಿ ಟೆಸ್ಟೋಸ್ಟಿರೋನ್ ಮಿತಿಮೀರಿದ್ದು ಪತ್ತೆಯಾಯಿತು.)

2013, ಎರಡು ಸಲ

2013ರ ಜುಲೈ 6, ಲಾಸ್ ವೇಗಸ್. ಕ್ರಿಸ್ ವೈಡ್‌ಮನ್ ಮೊದಲ ಸುತ್ತಿನಲ್ಲಿ ಇವನನ್ನು ಬೀಳಿಸಿದ. ಎದ್ದು ನಿಂತ ಮೇಲೆ ಹಳೆಯ ಆಟ ಶುರು: ಕೈ ಸೊಂಟದ ಮೇಲೆ, ಬಾ ಹೊಡಿ ಅನ್ನುವ ಸನ್ನೆ. ಎರಡನೇ ಸುತ್ತಿನಲ್ಲಿ ಏಟು ತಗುಲಿ ಮಂಡಿ ಕುಸಿದವನಂತೆ ನಾಟಕವನ್ನೂ ಆಡಿದ. ವೈಡ್‌ಮನ್ ನಾಟಕ ನೋಡುತ್ತಾ ನಿಲ್ಲಲಿಲ್ಲ, ಏಟು ಕೊಡುತ್ತಲೇ ಹೋದ. ಆಂಡರ್ಸನ್ ಪಾದಗಳನ್ನು ನೆಲಕ್ಕೆ ನೆಟ್ಟು ಸೊಂಟದಿಂದ ಮೇಲೆ ಮಾತ್ರ ಹಿಂದಕ್ಕೆ ವಾಲಿದ. ಹೀಗೆ ವಾಲಿ ಒಂದು ಏಟು ತಪ್ಪಿಸಬಹುದು, ಎರಡು ತಪ್ಪಿಸಬಹುದು. ಮುಂದಿನದಕ್ಕೆ ಬೆನ್ನು ಬಾಗಲು ಜಾಗವೇ ಉಳಿದಿರುವುದಿಲ್ಲ. ಎಡಗೈ ಹುಕ್ ಗದ್ದಕ್ಕೆ ಬಿತ್ತು. 1 ನಿಮಿಷ 18 ಸೆಕೆಂಡ್. ಏಳು ವರ್ಷದ ಆಳ್ವಿಕೆ ಮುಗಿಯಿತು.

ಕುಣಿದಾಡಿದ್ದಕ್ಕೆ ತಕ್ಕ ಶಾಸ್ತಿ ಅಂತ ಬಹಳ ಜನ ಅಂದರು. ನಾನು ಒಪ್ಪುವುದಿಲ್ಲ. ಗ್ರಿಫಿನ್ ಎದುರು ಮಾಡಿದ್ದನ್ನೇ ಇಲ್ಲೂ ಮಾಡಿದ್ದು. ವ್ಯತ್ಯಾಸ ಎರಡೇ: ಆಗ 34 ವಯಸ್ಸು, ಈಗ 38. ಆಗ ಪಾದ ಚಲಿಸುತ್ತಿತ್ತು, ಈಗ ನಿಂತಿತ್ತು. ಕಣ್ಣು ಮತ್ತು ನರದ ವೇಗದ ಮೇಲೆ ಕಟ್ಟಿದ ವಿಧಾನ ಇದು. ಕೈ ಮೇಲಿಟ್ಟು ಆಡುವವನಿಗೆ ವಯಸ್ಸು ನಿಧಾನವಾಗಿ ಗೊತ್ತಾಗುತ್ತೆ, ಅವನಿಗೆ ಎರಡನೇ ಗೋಡೆ ಇದೆ. ಕೈ ಇಳಿಸಿ ಆಡುವವನಿಗೆ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತೆ.

ಡಿಸೆಂಬರ್ 28ಕ್ಕೆ ಮರುಪಂದ್ಯ. ಎರಡನೇ ಸುತ್ತಿನಲ್ಲಿ ಆಂಡರ್ಸನ್ ಒದ್ದ ಎಡಗಾಲು ವೈಡ್‌ಮನ್ ಎತ್ತಿದ ಮೊಣಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಆ ದೃಶ್ಯವನ್ನು ನೋಡಿ ಅಂತ ಯಾರಿಗೂ ಹೇಳಲಾರೆ. ವಿಚಿತ್ರ ಏನೆಂದರೆ, 2021ರ ಏಪ್ರಿಲ್ 24ರಂದು ಇದೇ ವೈಡ್‌ಮನ್ ಯೂರಾಯಾ ಹಾಲ್‌ಗೆ ಒದೆಯಲು ಹೋಗಿ, ಥೇಟ್ ಅದೇ ರೀತಿ ತನ್ನ ಕಾಲು ಮುರಿದುಕೊಂಡ. ಆ ಹಾಲ್ ಯಾರು ಗೊತ್ತೆ? ಆಂಡರ್ಸನ್ ಯುಎಫ್‌ಸಿಯಲ್ಲಿ ಕೊನೆಯದಾಗಿ ಎದುರಿಸಿದವನು.

ನುಂಗಲಾಗದ ತುತ್ತು

ಕಾಲು ಕೂಡಿಸಿಕೊಂಡು 2015ರ ಜನವರಿ 31ರಂದು ಮರಳಿದ, ನಿಕ್ ಡಿಯಾಜ್‌ನನ್ನು ಸೋಲಿಸಿ ಅತ್ತ. ಕೆಲವೇ ದಿನಗಳಲ್ಲಿ ಸುದ್ದಿ ಬಂತು: ನಿಷೇಧಿತ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಬೇರೊಂದು ಔಷಧಿಯಲ್ಲಿ ಬೆರೆತಿತ್ತು ಅನ್ನುವ ವಾದವನ್ನು ನೆವಾಡಾ ಆಯೋಗ ಒಪ್ಪಲಿಲ್ಲ. ಒಂದು ವರ್ಷ ನಿಷೇಧ, ದಂಡ, ಗೆಲುವು ರದ್ದು. 2017ರಲ್ಲಿ ಇನ್ನೊಂದು ಪರೀಕ್ಷೆಯಲ್ಲಿ ವಿಫಲನಾದ. ಆ ಸಲ ಕಲಬೆರಕೆ ಸಪ್ಲಿಮೆಂಟ್ ಕಾರಣ ಅಂತ ತನಿಖಾ ಸಂಸ್ಥೆಯೇ ಒಪ್ಪಿಕೊಂಡಿತು.

ಅಭಿಮಾನಿಗಳು ಇದನ್ನು ಕಾಲು ಮುರಿದವನ ಹತಾಶೆ ಅಂತ ಬದಿಗೆ ಸರಿಸುತ್ತಾರೆ. ವಿರೋಧಿಗಳು ಹಿಂದಿನ 16 ಗೆಲುವನ್ನೂ ಇದರ ಲೆಕ್ಕಕ್ಕೇ ಬರೆಯುತ್ತಾರೆ. ಎರಡೂ ಅನುಕೂಲಕ್ಕೆ ಮಾಡಿಕೊಂಡ ತೀರ್ಮಾನಗಳು. 2015ರ ದಾಖಲೆ ದಾಖಲೆಯೇ, ಅದು ಅವನ ಹೆಸರಿನ ಪಕ್ಕದಲ್ಲಿ ಇರಬೇಕಾದದ್ದೇ. 2006ರಿಂದ 2013ರವರೆಗಿನ ಗೆಲುವುಗಳ ವಿರುದ್ಧ ಅಂಥ ದಾಖಲೆ ಇಲ್ಲ, ಅದೂ ದಾಖಲೆಯೇ. ಇದರಾಚೆ ಇತಿಹಾಸ ಬರೆಯುವವನು ಹೋಗಬಾರದು ಅನ್ನುವುದು ನನ್ನ ನಿಲುವು. ಆದರೆ ಮನಸ್ಸಿಗೆ ಬಿದ್ದ ಕಲೆ ಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ.

ಆಮೇಲಿನದು ಇಳಿಜಾರು. 2016ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮೂರನೇ ಸುತ್ತಿನ ಕೊನೆಗೆ ಹಾರುವ ಮೊಣಕಾಲಿನಿಂದ ಬಿಸ್ಪಿಂಗ್‌ನನ್ನು ಕೆಡವಿ, ಗೆದ್ದೆ ಅಂತ ಸಂಭ್ರಮಿಸಿದ. ರೆಫರಿ ಪಂದ್ಯ ನಿಲ್ಲಿಸಿರಲೇ ಇಲ್ಲ! ತೀರ್ಪಿನಲ್ಲಿ ಸೋತ. ಜುಲೈನಲ್ಲಿ ಎರಡೇ ದಿನದ ಸೂಚನೆಯ ಮೇಲೆ ತನಗಿಂತ ಮೇಲಿನ ತೂಕದ ಡೇನಿಯಲ್ ಕಾರ್ಮಿಯರ್ ಎದುರು ನಿಂತು ಸೋತ. 2019ರ ಫೆಬ್ರವರಿಯಲ್ಲಿ ಮೆಲ್ಬರ್ನಿನಲ್ಲಿ ಇವನನ್ನೇ ನೋಡಿ ಬೆಳೆದ ಇಸ್ರೇಲ್ ಅಡೆಸಾನ್ಯಾ ಎದುರು ಮೂರು ಸುತ್ತು ಆಡಿ ಸೋತ. 2020ರ ಅಕ್ಟೋಬರ್ 31ರಂದು ಹಾಲ್ ಎದುರು ಸೋತ ಮೇಲೆ ಯುಎಫ್‌ಸಿ ನಂಟು ಮುಗಿಯಿತು. ಅಷ್ಟಕ್ಕೇ ಬಿಡಲಿಲ್ಲ ಆಸಾಮಿ. 2021ರ ಜೂನಿನಲ್ಲಿ, 46ನೇ ವಯಸ್ಸಿನಲ್ಲಿ, ಬಾಕ್ಸಿಂಗ್ ಮಾಜಿ ವಿಶ್ವ ಚಾಂಪಿಯನ್ ಹೂಲಿಯೊ ಸೀಸರ್ ಚಾವೆಸ್ ಜೂನಿಯರ್‌ನನ್ನು ಮೆಕ್ಸಿಕೊದಲ್ಲೇ, ಬರೀ ಬಾಕ್ಸಿಂಗ್ ನಿಯಮದಲ್ಲಿ ಸೋಲಿಸಿದ. 2023ರಲ್ಲಿ ಯುಎಫ್‌ಸಿ ಹಾಲ್ ಆಫ್ ಫೇಮ್ ಸೇರಿದ.

ಹೊಡೆದಾಟ ನೋಡುವ ಅಭ್ಯಾಸವೇ ಇಲ್ಲದ ಮಿತ್ರರಿಗೆ ನನ್ನದೊಂದು ಸಲಹೆ. ಲೆಬೆನ್, ಮೊದಲ ಫ್ರಾಂಕ್ಲಿನ್, ಗ್ರಿಫಿನ್, ಮೊದಲ ಸಾನೆನ್, ಮೊದಲ ವೈಡ್‌ಮನ್, ಈ ಐದನ್ನು ಇದೇ ಕ್ರಮದಲ್ಲಿ ನೋಡಿ. ಮುಷ್ಟಿ ನೋಡಬೇಡಿ, ಅವನ ಪಾದಗಳನ್ನು ನೋಡಿ. ನಾಲ್ಕನೆಯದರಲ್ಲಿ ಅವು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತವೆ, ಬೆನ್ನು ನೆಲದ ಮೇಲಿರುತ್ತೆ. ಆದರೂ ಕಡೆಗೆ ಗೆಲ್ಲಿಸುವುದು ಆ ಕಾಲುಗಳೇ. ಐದನೆಯದರಲ್ಲಿ ಎರಡನೇ ಸುತ್ತಿನ ಮೊದಲ ನಿಮಿಷ ದಾಟಿದ ಮೇಲೆ ಅವು ಒಂದೆಡೆ ನಿಂತುಬಿಡುತ್ತವೆ. ಮುಂದಿನದು ನಿಮಗೇ ಗೊತ್ತಾಗುತ್ತೆ.